ನಿಂತಾಗಿನ ನೋವಿಗೆ ಮಲಗಿಸಿ ತೆಗೆದ ಚಿತ್ರ

ನಾನು ಬರೆದ ರಿಪೋರ್ಟಿನಲ್ಲಿ ಸುಳ್ಳು ಇರಲಿಲ್ಲ. ಸೊಂಟದ ಎಂಆರ್‌ಐ. ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ, ನರಗಳು ಹಾಯುವ ನಾಳ ಅಲ್ಲಿ ಅಲ್ಪಸ್ವಲ್ಪ ಕಿರಿದಾಗಿದೆ, ಮಣಿಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆ, ಉಳಿದದ್ದು ವಯಸ್ಸಿಗೆ ಸಹಜವಾದ ಸವೆತ. ಬರೆದ ಅಷ್ಟೂ ಮಾತು ಚಿತ್ರದಲ್ಲಿ ಇದ್ದದ್ದೇ. ಆದರೆ ಆ ಒಂದು ಹಾಳೆಯ ದೆಸೆಯಿಂದ ನಮ್ಮ ದೊಡ್ಡಮ್ಮ ವರ್ಷಕ್ಕೂ ಹೆಚ್ಚು ಕಾಲ ತಮ್ಮದೇ ಮನೆಯಲ್ಲಿ ಸೋಗು ಹಾಕುವವರೆಂದು ಅನ್ನಿಸಿಕೊಂಡರು. ನಾನು ರೇಡಿಯಾಲಜಿಸ್ಟ್. ಚಿತ್ರ ಓದುವುದೇ ನನ್ನ ಅನ್ನ. ಓದುವುದು ಎಲ್ಲಿ ತಪ್ಪಿತು ಎಂದು ಹೇಳಲು ಈ ಬರಹ.

ದೊಡ್ಡಮ್ಮನ ಮನೆ ಮಂಗಳೂರಿನ ಮಣ್ಣಗುಡ್ಡದಲ್ಲಿ. ಹಳೆಯ ಹಂಚಿನ ಮನೆ, ಚಾವಡಿಯ ಕಿಟಕಿ ಪಕ್ಕ ಹೊಲಿಗೆ ಮಿಷನ್. ಮದುವೆಯಾಗಿ ಬಂದಲ್ಲಿಂದ ಸುತ್ತಮುತ್ತಲಿನ ಹೆಂಗಸರ ರವಕೆ ಹೊಲಿದೇ ಸಂಸಾರಕ್ಕೆ ಹೆಗಲು ಕೊಟ್ಟವರು. ಪ್ರಾಯ ಎಪ್ಪತ್ತರ ಹತ್ತಿರ ಬಂದಾಗ ಕಾಲಿನ ತಕರಾರು ಶುರುವಾಯಿತು. ಉರ್ವ ಮಾರ್ಕೆಟಿಗೆ ನಡೆದು ಹೊರಟರೆ ಅರ್ಧ ದಾರಿಯಲ್ಲಿ ಎರಡೂ ಮೀನಖಂಡ ಬಿಗಿದುಕೊಳ್ಳುವುದು, ಪಾದ ಜೋಮು ಹಿಡಿಯುವುದು, ಯಾರದಾದರೂ ಅಂಗಡಿಯ ಮೆಟ್ಟಿಲ ಮೇಲೆ ಕೂತರೆ ಐದು ನಿಮಿಷದಲ್ಲಿ ಎಲ್ಲ ಮಾಯ. ಎದ್ದು ನಡೆದರೆ ಮತ್ತೆ ಅದೇ ಕಥೆ. ಆ ವರ್ಷ ಮಣ್ಣಗುಡ್ಡದ ಗುರ್ಜಿ ದೀಪೋತ್ಸವಕ್ಕೆ ಮೊಮ್ಮಗನ ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹೊರಿಸಿಕೊಂಡು ಹೋಗಿದ್ದರು. ನೋಡಿದವರು ನಕ್ಕಿದ್ದರು. ನಾನೂ ನಕ್ಕಿದ್ದೆ.

ಅನುಮಾನ ಹುಟ್ಟಿದ್ದು ಅಡುಗೆಮನೆಯಲ್ಲಿ. ಮಿಷನಿನ ಮುಂದೆ ಕೂತರೆ ಬೆಳಗ್ಗಿನಿಂದ ಮಧ್ಯಾಹ್ನದ ತನಕ ಅವರಿಗೆ ಏನೂ ಆಗುವುದಿಲ್ಲ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಕಾಲುನೋವು. ಕೆಲಸಕ್ಕೆ ಹೋಗುವ ಸೊಸೆಗೆ ಇದು ಹೇಗೆ ಕಂಡೀತು? ತನಗೆ ಇಷ್ಟವಾದ ಕೆಲಸಕ್ಕೆ ನೋವಿಲ್ಲ, ಮನೆಗೆಲಸಕ್ಕೆ ಮಾತ್ರ ನೋವು. ಸ್ಕ್ಯಾನ್ ಆದ ಮೇಲೆ ಅವಳು ನನ್ನನ್ನೇ ಕೇಳಿದಳು: “ಹೌದಾ ಭಾವ, ರಿಪೋರ್ಟಿನಲ್ಲಿ ಎಂತ ಉಂಟು?” ನಾನು ಹೇಳಿದೆ, “ಹೆದರುವಂಥದ್ದು ಏನೂ ಇಲ್ಲ. ಪ್ರಾಯ ಆಯಿತಲ್ಲ, ಎಲ್ಲರಿಗೂ ಇರುವುದೇ.” ಧೈರ್ಯ ಹೇಳಿದೆನೆಂದುಕೊಂಡಿದ್ದೆ. ಆ ಮನೆಯಲ್ಲಿ ಅದು ತೀರ್ಪಾಯಿತು. “ಎಂಆರ್‌ಐಯಲ್ಲೇ ಏನೂ ಇಲ್ಲವಂತೆ” ಎಂಬ ಮಾತಿನ ಎದುರು ಎಪ್ಪತ್ತರ ಹೆಂಗಸು ಏನು ಹೇಳಿಯಾಳು?

ದೊಡ್ಡಮ್ಮ ನನ್ನ ಹತ್ತಿರ ಒಮ್ಮೆ ಹೇಳಿಕೊಂಡರು. “ಮಗಾ, ಏರು ಹತ್ತುವಾಗ ಅಷ್ಟು ಕಷ್ಟ ಆಗುವುದಿಲ್ಲ ನನಗೆ. ಇಳಿಯುವಾಗಲೇ ಕಾಲು ಹೋಗುವುದು.” ಮಂಗಳೂರಿನಲ್ಲಿ ಸಮತಟ್ಟಾದ ರಸ್ತೆ ಹುಡುಕಿದರೂ ಸಿಗುವುದಿಲ್ಲ, ಹಾಗಾಗಿ ಇಲ್ಲಿನವರಿಗೆ ಇಂಥದ್ದು ಬೇಗ ಗೊತ್ತಾಗುತ್ತದೆ. ಅವರಿಗೆ ಗೊತ್ತಾಗಿತ್ತು. ನನಗೆ ಆಗಲಿಲ್ಲ. ಹತ್ತುವುದು ಸುಲಭ, ಇಳಿಯುವುದು ಕಷ್ಟ ಅಂದರೆ ಯಾರು ನಂಬುತ್ತಾರೆ ಎಂದು ಒಳಗೊಳಗೇ ಅಂದುಕೊಂಡೆ. ವೈದ್ಯಕೀಯ ಓದಿದವನು ಕಿವಿ ನೆಟ್ಟಗೆ ಮಾಡಬೇಕಿದ್ದ ಮಾತು ಅದೇ. ಹತ್ತುವಾಗ ಮೈ ಮುಂದಕ್ಕೆ ಬಾಗುತ್ತದೆ. ಇಳಿಯುವಾಗ ಸೊಂಟ ಹಿಂದಕ್ಕೆ ವಾಲುತ್ತದೆ. ನಾಳ ಕಿರಿದಾದವರಿಗೆ ಮೊದಲಿನದು ಸಲೀಸು, ಎರಡನೆಯದು ಸಂಕಟ. ರೋಗವನ್ನು ಅವರೇ ಹೇಳಿದ್ದರು. ನಾನು ಅದನ್ನು ಸೋಗಿಗೆ ಇನ್ನೊಂದು ಸಾಕ್ಷಿಯೆಂದು ಎಣಿಸಿದೆ.

ಅಷ್ಟಕ್ಕೇ ನಿಲ್ಲದೆ ಉಚಿತ ಸಲಹೆಯೊಂದನ್ನೂ ಕೊಟ್ಟೆ. ಬೆನ್ನಿಗೆ ಒಳ್ಳೆಯದು, ದಿನಾ ಬೆಳಗ್ಗೆ ಭುಜಂಗಾಸನ ಮಾಡಿ ಎಂದೆ. ಬೋರಲು ಮಲಗಿ ಎದೆ ಎತ್ತಿ ಬೆನ್ನನ್ನು ಹಿಂದಕ್ಕೆ ಬಾಗಿಸುವ ಆಸನ. ಡಿಸ್ಕ್ ತೊಂದರೆಯ ಕೆಲವರಿಗೆ ಬೆನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮ ಹಿಡಿಸುತ್ತದೆ. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ಇಂಥ ವ್ಯಾಯಾಮಗಳನ್ನು ಜಗತ್ತಿಗೇ ಪರಿಚಯಿಸಿದರು. ನನ್ನ ತಲೆಯಲ್ಲಿದ್ದದ್ದು ಡಿಸ್ಕ್. ದೊಡ್ಡಮ್ಮನಿಗೆ ಇದ್ದದ್ದು ಅದಲ್ಲ. ಹೇಳಿದವನು ಡಾಕ್ಟರಾದ ಮಗನೆಂದು ಅವರು ನೋವು ನುಂಗಿಕೊಂಡು ಮಾಡಿದರು. ಮಾಡಿದಷ್ಟೂ ಕಾಲು ಹೆಚ್ಚು ಸೋತಿತು.

ಎರಡೂ ತೊಂದರೆ ಒಂದೇ ಜಾಗದ್ದು, ಸ್ವಭಾವ ಮಾತ್ರ ಉಲ್ಟಾ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ಮೂಳೆತಜ್ಞರು 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಡಿಸ್ಕಿನೊಳಗೇ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನ ಒತ್ತಡವನ್ನು 100 ಎಂದು ಇಟ್ಟುಕೊಂಡರೆ, ಅಂಗಾತ ಮಲಗಿದಾಗ ಅದು ಸುಮಾರು 25ಕ್ಕೆ ಇಳಿಯುತ್ತದೆ. ಕೂತರೆ ನಿಂತದ್ದಕ್ಕಿಂತ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಇನ್ನೂ ಹೆಚ್ಚು. ಹಾಗಾಗಿ ಡಿಸ್ಕ್ ಜಾರಿದವರಿಗೆ ಕೂರುವುದೇ ಕಷ್ಟ. ನಾಳ ಕಿರಿದಾದವರಿಗೆ ಕೂತರೇ ಆರಾಮ. ಮಿಷನಿನ ಮೇಲೆ ಬಾಗಿ ಕೂತ ದೊಡ್ಡಮ್ಮ ತಮಗೆ ಗೊತ್ತಿಲ್ಲದೆಯೇ ತಮ್ಮ ನರಗಳಿಗೆ ಜಾಗ ಮಾಡಿಕೊಡುತ್ತಿದ್ದರು.

ಆ ಜಾಗದ ಲೆಕ್ಕ ಹೀಗೆ. ಬೆನ್ನುಹುರಿ ಸೊಂಟದ ಮೊದಲ ಎರಡು ಮಣಿಗಳ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಒಂದು ಕಟ್ಟು, ಪೊರೆಯ ಚೀಲದೊಳಗೆ ನೀರಿನಲ್ಲಿ ತೇಲಿಕೊಂಡು ಇಳಿಯುತ್ತದೆ. ಆ ಚೀಲದ ಅಡ್ಡಕೊಯ್ತದ ವಿಸ್ತೀರ್ಣ 100 ಚದರ ಮಿಲಿಮೀಟರಿಗಿಂತ ಕಡಿಮೆಯಾದರೆ ಕಿರಿದಾಯಿತೆಂದೂ, 75ಕ್ಕಿಂತ ಇಳಿದರೆ ತೀರಾ ಇಕ್ಕಟ್ಟೆಂದೂ ಲೆಕ್ಕ ಹಾಕುವುದು ರೂಢಿ. ಈ ಅಳತೆಗಳ ಹಿಂದೆ ಸ್ವೀಡನ್ನಿನ ಶೋನ್‌ಸ್ಟ್ರೋಮ್ ಮತ್ತು ಅವರ ಜೊತೆಗಾರರ 1980ರ ದಶಕದ ಕೆಲಸ ಇದೆ. ಚೀಲದ ಮುಂದೆ ಡಿಸ್ಕ್, ಅಕ್ಕಪಕ್ಕದಲ್ಲಿ ಪುಟ್ಟ ಕೀಲುಗಳು, ಹಿಂದೆ ಹಳದಿ ಬಣ್ಣದ ಒಂದು ದಪ್ಪ ಪಟ್ಟಿ. ನಿಂತು ಸೊಂಟ ಹಿಂದಕ್ಕೆ ವಾಲಿದಾಗ ಆ ಪಟ್ಟಿ, ಮೊಣಕೈ ಮಡಿಸಿದರೆ ಉದ್ದ ತೋಳಿನ ರವಕೆ ಒಳಬದಿಯಲ್ಲಿ ನೆರಿಗೆ ಕಟ್ಟುವ ಹಾಗೆ, ಮುದುಡಿ ಚೀಲದ ಮೇಲೆ ಬರುತ್ತದೆ. ಮೈಭಾರಕ್ಕೆ ಡಿಸ್ಕೂ ಮುಂದಿನಿಂದ ಉಬ್ಬುತ್ತದೆ. ಮುಂದಕ್ಕೆ ಬಾಗಿದರೆ ಪಟ್ಟಿ ಎಳೆದು ನೆಟ್ಟಗಾಗುತ್ತದೆ, ಚೀಲ ಅರಳುತ್ತದೆ.

ಇನ್ನು ನಾವು ಚಿತ್ರ ತೆಗೆಯುವ ರೀತಿ ನೋಡಿ. ರೋಗಿಯನ್ನು ಎಂಆರ್‌ಐ ಮೇಜಿನ ಮೇಲೆ ಅಂಗಾತ ಮಲಗಿಸುತ್ತೇವೆ. ಇಪ್ಪತ್ತು ನಿಮಿಷ ಅಲುಗಾಡಬಾರದು. ಸೊಂಟನೋವಿನವರಿಗೆ ಕಾಲು ನೀಳ ಮಾಡಿ ಅಷ್ಟು ಹೊತ್ತು ಮಲಗುವುದು ಹಿಂಸೆ. ಅದಕ್ಕೆ ಟೆಕ್ನಿಶಿಯನ್ ಮೊಣಕಾಲ ಕೆಳಗೆ ತ್ರಿಕೋನಾಕಾರದ ಒಂದು ಫೋಮ್ ದಿಂಬು ಇಡುತ್ತಾರೆ. ಮೊಣಕಾಲು ಮಡಚಿ ಮೇಲೆ ಬಂದ ಕೂಡಲೇ ಸೊಂಟದ ಕೊಂಕು ಇಳಿದು ಬೆನ್ನು ಮೇಜಿಗೆ ಅಂಟುತ್ತದೆ. ರೋಗಿ “ಹಾಂ, ಈಗ ಆರಾಮ” ಎನ್ನುತ್ತಾರೆ. ಆರಾಮ ಯಾಕಾಯಿತು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಮೈಭಾರ ತೆಗೆದು, ಬೆನ್ನು ಚಪ್ಪಟೆ ಮಾಡಿ, ನಾಳವನ್ನು ಆದಷ್ಟೂ ಅರಳಿಸಿಟ್ಟು, ಆಮೇಲೆ ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಕೇಳುತ್ತೇವೆ, ನಾಳ ಕಿರಿದಾಗಿದೆಯೇ ಎಂದು. ದೊಡ್ಡಮ್ಮನ ನಾಳ ಅವತ್ತು ಆ ಮೇಜಿನ ಮೇಲೆ ಬಹುಮಟ್ಟಿಗೆ ಚೆನ್ನಾಗಿಯೇ ಇತ್ತು. ರಿಪೋರ್ಟಿನಲ್ಲಿ ಸುಳ್ಳಿರಲಿಲ್ಲ ಎಂದದ್ದು ಆ ಅರ್ಥದಲ್ಲಿ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಎಚ್ಚರದಲ್ಲಿದ್ದರು. ಹಾಲೆಂಡಿನ ನರಶಸ್ತ್ರತಜ್ಞ ಹೆಂಕ್ ವರ್ಬೀಸ್ಟ್ 1954ರಲ್ಲಿ ಸೊಂಟದ ನಾಳ ಕಿರಿದಾಗುವುದರಿಂದಲೇ ಬರುವ ಈ ತೊಂದರೆಯನ್ನು ವಿವರವಾಗಿ ಬರೆದಾಗ ಮುಖ್ಯವಾಗಿ ಹಿಡಿದದ್ದು ಇದನ್ನೇ: ನಿಂತಾಗ, ನಡೆದಾಗ ಕಾಲು ಸೋಲುತ್ತದೆ, ಮಲಗಿದರೆ ಏನೂ ಇಲ್ಲ. ಎಂಆರ್‌ಐ ಇಲ್ಲದ ಕಾಲದಲ್ಲಿ ಮಯಲೋಗ್ರಾಮ್ ಎಂಬ ಪರೀಕ್ಷೆ ಇತ್ತು. ಬೆನ್ನಿಗೆ ಸೂಜಿ ಚುಚ್ಚಿ ನರದ ಚೀಲಕ್ಕೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಹಾಕಿ, ರೋಗಿಯನ್ನು ಮೇಜಿನ ಸಮೇತ ವಾಲಿಸಿ, ಬೇಕಾದರೆ ಎಬ್ಬಿಸಿ ನಿಲ್ಲಿಸಿ, ಮುಂದಕ್ಕೂ ಹಿಂದಕ್ಕೂ ಬಾಗಿಸಿ ಎಕ್ಸ್‌ರೇ ತೆಗೆಯುತ್ತಿದ್ದರು. ಹಿಂದಕ್ಕೆ ಬಾಗಿದಾಗ ದ್ರವ ಒಂದು ಕಡೆ ತಡೆದು ನಿಲ್ಲುವುದು ಕಣ್ಣಿಗೇ ಕಾಣುತ್ತಿತ್ತು. ಸೂಜಿಯ ನೋವು, ಆಮೇಲಿನ ತಲೆಸಿಡಿತ ಯಾರಿಗೂ ಬೇಡವಾಗಿತ್ತು. ಎಂಆರ್‌ಐ ಬಂದ ಮೇಲೆ ಸೂಜಿ ತಪ್ಪಿತು, ನರ, ಡಿಸ್ಕ್, ಪಟ್ಟಿ ಎಲ್ಲ ಸ್ಪಷ್ಟವಾಗಿ ಕಂಡವು. ಆ ಸಂತೋಷದಲ್ಲಿ, ನಿಲ್ಲಿಸಿ ನೋಡುವ ಅಭ್ಯಾಸ ಕೈಬಿಟ್ಟದ್ದು ನಮ್ಮ ತಲೆಮಾರಿನವರ ಗಮನಕ್ಕೇ ಬರಲಿಲ್ಲ.

ದೊಡ್ಡಮ್ಮನ ವಿಷಯ ಬಯಲಾದದ್ದು ಒಂದು ಮದುವೆಯಲ್ಲಿ. ಬಫೆ ಸಾಲಿನಲ್ಲಿ ಅವರು ಎರಡೂ ಮೊಣಕೈಗಳನ್ನು ಮೇಜಿಗೆ ಊರಿ, ಬಾಗಿಕೊಂಡು, ಒಂದೊಂದೇ ಹೆಜ್ಜೆ ಸರಿಯುತ್ತಿದ್ದರು. ಮನೆಯ ಅಡುಗೆಕಟ್ಟೆಗೂ ಹಾಗೆಯೇ ಒರಗುತ್ತಿದ್ದದ್ದು ನನಗೆ ನೆನಪಿತ್ತು. ಉದಾಸೀನವೆಂದು ಸೊಸೆ ಹೇಳಿದ್ದೂ ನೆನಪಿತ್ತು. ನನ್ನ ಪಕ್ಕ ಕೂತಿದ್ದ ಮೂಳೆ ಡಾಕ್ಟರ್ ಗೆಳೆಯ ಅವರನ್ನೇ ನೋಡುತ್ತಿದ್ದ. ಊಟವಾದ ಮೇಲೆ ಹೋಗಿ ಮಾತಾಡಿಸಿದ.

“ಅಮ್ಮಾ, ದೊಡ್ಡ ಅಂಗಡಿಯಲ್ಲಿ ದೂಡುವ ಗಾಡಿ ಇರ್ತದಲ್ಲ, ಅದು ಹಿಡಿದುಕೊಂಡರೆ ಹೇಗೆ?”

“ಅದು ಉಂಟಾದ್ರೆ ಎಷ್ಟು ಬೇಕಾದ್ರೂ ತಿರುಗ್ತೇನೆ. ಸಾಮಾನು ಬೇಡದಿದ್ರೂ ಗಾಡಿ ತಕೊಳ್ತೇನೆ ನಾನು.”

“ನಡೆದು ಕಾಲು ಸೋತಾಗ ಸುಮ್ಮನೆ ನಿಂತರೆ ಸಾಕಾಗ್ತದಾ, ಕೂರಲೇಬೇಕಾ?”

“ನಿಂತರೆ ಜಾಸ್ತಿಯೇ ಆಗುವುದು. ಕೂರಲೇಬೇಕು.”

ಎರಡನೆಯ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಕಾಲಿನ ರಕ್ತನಾಳ ಕಟ್ಟಿದ್ದರೂ ನಡೆಯುವಾಗ ಮೀನಖಂಡ ಹಿಡಿಯುತ್ತದೆ. ಆದರೆ ಅಂಥವರಿಗೆ ನಡಿಗೆ ನಿಲ್ಲಿಸಿದರೆ ಸಾಕು, ನಿಂತಲ್ಲೇ ಹಗುರಾಗುತ್ತದೆ, ಬಾಗಬೇಕಿಲ್ಲ, ಕೂರಬೇಕಿಲ್ಲ. ಗೆಳೆಯ ಅಲ್ಲೇ ಬಗ್ಗಿ ಪಾದದ ನಾಡಿ ಮುಟ್ಟಿ ನೋಡಿದ, ಚೆನ್ನಾಗಿತ್ತು. ನನ್ನ ಕಡೆ ತಿರುಗಿ ಕೇಳಿದ: “ನಿಲ್ಲಿಸಿ ಎಕ್ಸ್‌ರೇ ತೆಗೆದಿದ್ದೀರಾ?” ಎಂಆರ್‌ಐ ಆಗಿದೆಯಲ್ಲ ಎಂದೆ. “ಅದಲ್ಲ ಮಾರಾಯ, ನಿಲ್ಲಿಸಿ?”

ಮರುದಿನವೇ ತೆಗೆಸಿದೆವು. ಪಕ್ಕದಿಂದ ಒಂದು, ನಿಂತುಕೊಂಡು. ಆಮೇಲೆ ಮುಂದಕ್ಕೆ ಬಾಗಿ ಒಂದು, ಹಿಂದಕ್ಕೆ ಬಾಗಿ ಒಂದು. ಸಾಮಾನ್ಯ ಎಕ್ಸ್‌ರೇ, ಎಂಆರ್‌ಐ ಖರ್ಚಿನ ಸಣ್ಣದೊಂದು ಪಾಲು. ಪರದೆಯ ಮೇಲೆ ಚಿತ್ರ ಬಂದಾಗ ವಿವರಿಸಿ ಹೇಳುವಂಥದ್ದು ಏನೂ ಉಳಿದಿರಲಿಲ್ಲ. ನಾನು ಸಾಲಾಗಿ ಕೂತಿವೆ ಎಂದು ಬರೆದಿದ್ದ ಮಣಿಗಳಲ್ಲಿ ನಾಲ್ಕನೆಯದು ಐದನೆಯದರ ಮೇಲೆ ಮುಂದಕ್ಕೆ ಜಾರಿ ನಿಂತಿತ್ತು. ಮಲಗಿದಾಗ ಸ್ವಸ್ಥಾನಕ್ಕೆ ಮರಳುತ್ತಿದ್ದ ಮಣಿ ಎದ್ದು ನಿಂತ ಕೂಡಲೇ ಸರಿಯುತ್ತಿತ್ತು, ಸರಿದಷ್ಟೂ ನಾಳವನ್ನು ಹಿಸುಕುತ್ತಿತ್ತು. ಪ್ರಾಯದ ಸವೆತದಿಂದ ಆಗುವ ಈ ಜಾರುವಿಕೆ ಐವತ್ತು ದಾಟಿದ ಹೆಂಗಸರಲ್ಲಿ, ಅದರಲ್ಲೂ ಇದೇ ನಾಲ್ಕು–ಐದನೆಯ ಮಣಿಗಳ ನಡುವೆಯೇ ಹೆಚ್ಚು. ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದ ವಿಷಯ.

ಸಂಜೆ ಎಲ್ಲರೂ ಹೋದ ಮೇಲೆ ಹಳೆಯ ಎಂಆರ್‌ಐ ತೆಗೆದು ನೋಡಿದೆ. ನಾಲ್ಕು–ಐದರ ಮಟ್ಟದ ಅಡ್ಡಕೊಯ್ತದಲ್ಲಿ ಎಡಬಲದ ಎರಡೂ ಪುಟ್ಟ ಕೀಲುಗಳ ಒಳಗೆ ಬೆಳ್ಳಗಿನ ಗೆರೆ, ಬಾಗಿದ ಉಗುರಿನಷ್ಟು. ನೀರು. ಕೀಲು ಸಡಿಲವಾಗಿ, ಮಲಗಿದಾಗ ಬಾಯಿ ಬಿಟ್ಟುಕೊಂಡರೆ ಅಲ್ಲಿ ನೀರು ತುಂಬುತ್ತದೆ. ಅಂಥ ಗೆರೆ ದಪ್ಪಗೆ ಕಂಡರೆ, ನಿಂತಾಗ ಈ ಮಣಿ ಜಾರುತ್ತಿರಬಹುದು, ನಿಲ್ಲಿಸಿ ನೋಡಿ ಎಂದು ಅರ್ಥ. ಇನ್ನೊಂದು ಸುಳಿವೂ ಇತ್ತು. ಅಂಗಾತ ಮಲಗಿದಾಗ ಚೀಲದೊಳಗಿನ ನರಗಳು ಭಾರಕ್ಕೆ ಹಿಂದಕ್ಕೆ ಇಳಿದು ತಳದಲ್ಲಿ ಕೂರಬೇಕು. ಒತ್ತಡವಿರುವವರಲ್ಲಿ ಹಾಗೆ ಇಳಿಯದೆ ಚೀಲದ ತುಂಬ ಹರಡಿಕೊಂಡೇ ಇರುತ್ತವೆ. ದೊಡ್ಡಮ್ಮನ ನರಗಳು ಇಳಿದಿರಲಿಲ್ಲ. ಎರಡನ್ನೂ ನಾನು ಬರೆದಿರಲಿಲ್ಲ. ಸುಳ್ಳು ಬರೆಯಲಿಲ್ಲ ನಿಜ. ಕಂಡದ್ದನ್ನೆಲ್ಲ ಬರೆಯಲೂ ಇಲ್ಲ. ರಿಕ್ವೆಸ್ಟ್ ಚೀಟಿಯಲ್ಲಿ ‘ಸೊಂಟನೋವು’ ಎಂದು ಒಂದೇ ಪದ ಇತ್ತು; ಆ ಪದಕ್ಕೆ ಬೇಕಾದಷ್ಟನ್ನೇ ಹುಡುಕಿ, ಸಿಕ್ಕಿದಲ್ಲಿಗೆ ಕಣ್ಣು ಮುಚ್ಚಿದ್ದೆ. ಸ್ವಂತ ದೊಡ್ಡಮ್ಮ. ಒಂದು ಫೋನ್ ಮಾಡಿ ಕೇಳಬಹುದಿತ್ತು.

ಆಮೇಲೆ ನನಗೆ ಹೊಸ ಹುಚ್ಚು ಹಿಡಿಯಿತು. ಭಾರ ಹೊರಿಸಿ ಚಿತ್ರ ತೆಗೆಯುವ ವಿಧಾನಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಸ್ವೀಡನ್ನಿನಲ್ಲಿ ವಿಲ್ಲೆನ್ ಮತ್ತು ಡ್ಯಾನಿಯೆಲ್‌ಸನ್ 1990ರ ದಶಕದಲ್ಲಿ ಮಾಡಿದ ಉಪಾಯ ಜಾಣತನದ್ದು. ರೋಗಿಯನ್ನು ಮಾಮೂಲಿ ಯಂತ್ರದಲ್ಲೇ ಮಲಗಿಸಿ, ಕಾಲು ನೀಳ ಮಾಡಿ, ಮೈಗೆ ಒಂದು ಬಿಗಿ ಅಂಗಿ ತೊಡಿಸಿ, ಅದರ ಪಟ್ಟಿಗಳನ್ನು ಪಾದಕ್ಕೆ ಒತ್ತಿಕೊಂಡಿರುವ ಹಲಗೆಗೆ ಕಟ್ಟಿ ಎಳೆಯುವುದು. ಮೈತೂಕದ ಸುಮಾರು ಅರ್ಧದಷ್ಟು ಭಾರ ಬೆನ್ನಿನ ಮೇಲೆ ಬೀಳುತ್ತದೆ. ಐದು ನಿಮಿಷ ಹಾಗೇ ಬಿಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ಚೀಲದ ವಿಸ್ತೀರ್ಣ 15 ಚದರ ಮಿಲಿಮೀಟರಿಗಿಂತ ಹೆಚ್ಚು ಕುಗ್ಗಿ 75ರ ಕೆಳಗೆ ಇಳಿದರೆ ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಕಾಲು ಸೋಲುವ ರೋಗಿಗಳ ಪೈಕಿ ಹಲವರಲ್ಲಿ, ಮಾಮೂಲಿ ಚಿತ್ರದಲ್ಲಿ ಕಾಣದ ಇಕ್ಕಟ್ಟು ಹೀಗೆ ಕಂಡಿತು.

ನಿಜವಾಗಿಯೂ ನಿಲ್ಲಿಸಿಯೇ ತೆಗೆಯುವ ಎಂಆರ್‌ಐ ಕೂಡ ಇದೆ. 1977ರ ಜುಲೈ 3ರಂದು ಅಮೆರಿಕದಲ್ಲಿ ರೇಮಂಡ್ ಡಮೇಡಿಯನ್ ತಂಡ ಸುಮಾರು ಐದು ಗಂಟೆ ಹೆಣಗಿ ಜೀವಂತ ಮನುಷ್ಯನ ಎದೆಯ ಮೊದಲ ಎಂಆರ್‌ಐ ಚಿತ್ರ ತೆಗೆದಿತ್ತು. ಅದೇ ಡಮೇಡಿಯನ್ ಕಟ್ಟಿದ ಫೋನಾರ್ ಕಂಪನಿ ಮುಂದೆ, ಎರಡು ಆಯಸ್ಕಾಂತಗಳ ನಡುವೆ ರೋಗಿ ನಿಲ್ಲಬಹುದಾದ, ಕೂರಬಹುದಾದ, ಬಾಗಬಹುದಾದ ಯಂತ್ರ ತಂದಿತು. ಇಟಲಿಯ ಒಂದು ಕಂಪನಿ ರೋಗಿಯ ಸಮೇತ ಮೇಲೆದ್ದು ನಿಲ್ಲುವ ಯಂತ್ರ ಮಾಡಿತು. ಕೊರತೆಯೂ ಇದೆ. ನಮ್ಮಲ್ಲಿನ ಮಾಮೂಲಿ ಯಂತ್ರಗಳ ಶಕ್ತಿ 1.5 ಅಥವಾ 3 ಟೆಸ್ಲಾ. ಫೋನಾರ್‌ನದು 0.6, ಇಟಲಿಯದು 0.25. ಶಕ್ತಿ ಕಡಿಮೆಯಾದಷ್ಟೂ ಚಿತ್ರ ಮಸುಕು, ಸಮಯ ಹೆಚ್ಚು. ನಿಂತರೆ ಕಾಲು ಸೋಲುವವರನ್ನು ಅಷ್ಟು ಹೊತ್ತು ಅಲುಗಾಡದೆ ನಿಲ್ಲಿಸುವುದು ಇನ್ನೊಂದು ಸಂಕಟ. ಇಂಥ ಯಂತ್ರ ಎಲ್ಲೆಲ್ಲೂ ಸಿಗುವಂಥದ್ದಲ್ಲ, ನಾನು ಕೆಲಸ ಮಾಡುವಲ್ಲಂತೂ ಇಲ್ಲ.

ಆ ಹುಚ್ಚಿನ ದಿನಗಳಲ್ಲೇ ಎರಡನೆಯ ಎಡವಟ್ಟು ಮಾಡಿದೆ. ದಿನಾ ಮಂಗಳಾ ಸ್ಟೇಡಿಯಂ ಕಡೆ ವಾಕಿಂಗ್ ಹೋಗುತ್ತಿದ್ದ ಹಿರಿಯರೊಬ್ಬರು ಬೇರೆ ಯಾವುದೋ ಕಾರಣಕ್ಕೆ ಬೆನ್ನಿನ ಸ್ಕ್ಯಾನ್ ಮಾಡಿಸಿಕೊಂಡರು. ನಾಳ ಚೆನ್ನಾಗಿಯೇ ಕಿರಿದಾಗಿತ್ತು. ಮೊದಲ ಸಲ ಕಡಿಮೆ ಬರೆದು ಕೈಸುಟ್ಟುಕೊಂಡವನು ಈ ಸಲ ‘ತೀವ್ರ’ ಎಂಬ ಪದವನ್ನು ದಪ್ಪ ಅಕ್ಷರದಲ್ಲಿ ಹಾಕಿದೆ, ನಿಲ್ಲಿಸಿಯೂ ಪರೀಕ್ಷೆ ಮಾಡಿಸಿ ಎಂದು ಸೇರಿಸಿದೆ. ಕಾಲಿಗೆ ಏನೂ ತೊಂದರೆ ಇಲ್ಲದ ಆ ಮನುಷ್ಯ, ನರ ತುಂಡಾಗಿ ಹೋಗುತ್ತದೇನೋ ಎಂಬ ಹೆದರಿಕೆಯಲ್ಲಿ ವಾಕಿಂಗ್ ಬಿಟ್ಟು ಮನೆಯಲ್ಲಿ ಕೂತರು. ಮೂಳೆ ಡಾಕ್ಟರ್ ಗೆಳೆಯ ಫೋನಿನಲ್ಲಿ ಬೈದ: “ಒಬ್ಬರನ್ನು ನಡೆಯಲು ಬಿಡಲಿಲ್ಲ, ಇನ್ನೊಬ್ಬರ ನಡಿಗೆ ನಿಲ್ಲಿಸಿದೆ.”

ಅವನ ಮಾತಿಗೆ ಆಧಾರವಿತ್ತು. 1990ರಲ್ಲಿ ಅಮೆರಿಕದ ಸ್ಕಾಟ್ ಬೋಡನ್ ಮತ್ತು ಜೊತೆಗಾರರು ಬೆನ್ನುನೋವೇ ಇಲ್ಲದ 67 ಜನರ ಎಂಆರ್‌ಐ ತೆಗೆದು ನೋಡಿದ್ದರು. ಅರವತ್ತು ದಾಟಿದವರಲ್ಲಿ ನೂರಕ್ಕೆ 21 ಮಂದಿಯ ನಾಳ ಕಿರಿದಾಗಿತ್ತು, 36 ಮಂದಿಯ ಡಿಸ್ಕ್ ಜಾರಿತ್ತು. ಅವರಿಗೆ ನೋವಿಲ್ಲ, ತಕರಾರಿಲ್ಲ. ಮಲಗಿಸಿ ತೆಗೆದ ಚಿತ್ರದಲ್ಲೇ ಇಷ್ಟು ಸಿಕ್ಕರೆ, ಊರಿನ ಎಲ್ಲ ಅಜ್ಜ ಅಜ್ಜಿಯರನ್ನು ಭಾರ ಹೊರಿಸಿ ನಿಲ್ಲಿಸಿ ತೆಗೆದರೆ ಇನ್ನೆಷ್ಟು ಸಿಗಬೇಡ! ನಿಲ್ಲಿಸಿ ತೆಗೆದ ಎಂಆರ್‌ಐ ನೋಡಿ ಮಾಡಿದ ಆಪರೇಷನ್‌ಗಳ ಫಲ ಉಳಿದವಕ್ಕಿಂತ ಉತ್ತಮ ಎನ್ನಲು ಗಟ್ಟಿ ಆಧಾರವೂ ಇಲ್ಲ. ಎರಡೂ ರಿಪೋರ್ಟುಗಳಲ್ಲಿ ನಾನು ಮಾಡಿದ್ದು ಒಂದೇ ತಪ್ಪು. ದೊಡ್ಡಮ್ಮನ ಚಿತ್ರ ಚೆನ್ನಾಗಿತ್ತು, ಕಾಲು ಸೋಲುತ್ತಿತ್ತು. ಆ ಹಿರಿಯರ ಚಿತ್ರ ಕೆಟ್ಟಿತ್ತು, ಕಾಲು ಗಟ್ಟಿಯಾಗಿತ್ತು. ಇಬ್ಬರ ಕಾಲಿನ ಸಂಗತಿಯನ್ನೂ ನಾನು ವಿಚಾರಿಸಿರಲಿಲ್ಲ. ಭಾರ ಹೊರಿಸಿ ತೆಗೆದ ಚಿತ್ರ ಉಪಯೋಗಕ್ಕೆ ಬರುವುದು ನಿಂತರೆ ತೊಂದರೆ ಎಂದು ಹೇಳುವವರಿಗೆ, ಮಲಗಿಸಿ ತೆಗೆದ ಚಿತ್ರ ಆ ಮಾತಿಗೆ ಹೊಂದದಿದ್ದಾಗ. ಅದಕ್ಕಿಂತ ಹೆಚ್ಚಿನ ಹೊಣೆಯನ್ನು ಅದಕ್ಕೆ ಹೊರಿಸಬಾರದು.

ದೊಡ್ಡಮ್ಮನಿಗೆ ಮೊದಲು ಫಿಸಿಯೋಥೆರಪಿ. ಭುಜಂಗಾಸನ ಬಂದ್. ಮಲಗಿ ಮೊಣಕಾಲುಗಳನ್ನು ಎದೆಗೆ ತಂದುಕೊಳ್ಳುವ, ಮುಂದಕ್ಕೆ ಬಾಗುವ ವ್ಯಾಯಾಮಗಳು, ಕೂತು ತುಳಿಯುವ ಸೈಕಲ್. ಸ್ವಲ್ಪ ಹಗುರಾಯಿತು, ಸಾಕಾಗಲಿಲ್ಲ. ಕೊನೆಗೆ ಆಪರೇಷನ್ನಿಗೆ ಅವರೇ ಒಪ್ಪಿದರು. ನಾಳದ ಹಿಂಬದಿಯ ಮೂಳೆಯನ್ನೂ ದಪ್ಪಗಾದ ಪಟ್ಟಿಯನ್ನೂ ತೆಗೆದು ನರಗಳಿಗೆ ಜಾಗ ಮಾಡಿದರು. ಜಾರುವ ಮಣಿಗೆ ಸ್ಕ್ರೂ ಹಾಕಿ ಬಿಗಿಯಬೇಕೇ ಎಂಬ ಪ್ರಶ್ನೆಗೆ 2016ರಲ್ಲಿ ಒಂದೇ ವೈದ್ಯಪತ್ರಿಕೆಯಲ್ಲಿ ಒಟ್ಟಿಗೆ ಬಂದ ಸ್ವೀಡನ್ ಮತ್ತು ಅಮೆರಿಕದ ಎರಡು ಅಧ್ಯಯನಗಳೇ ಬೇರೆ ಬೇರೆ ಉತ್ತರ ಕೊಟ್ಟಿವೆ; ಮಣಿ ಎಷ್ಟು ಅಲುಗುತ್ತದೆ ಎಂದು ನೋಡಿ ಶಸ್ತ್ರತಜ್ಞರು ತೀರ್ಮಾನಿಸುತ್ತಾರೆ. ದೊಡ್ಡಮ್ಮನ ವಿಷಯದಲ್ಲಿ ಆ ತೀರ್ಮಾನಕ್ಕೂ ಆಧಾರವಾದದ್ದು ನಿಲ್ಲಿಸಿ ತೆಗೆದ ಅದೇ ಎಕ್ಸ್‌ರೇ. ಈಗ ಅವರು ಮಾರ್ಕೆಟಿಗೆ ಎಲ್ಲಿಯೂ ಕೂರದೆ ಹೋಗಿಬರುತ್ತಾರೆ. ಬಲ ಪಾದದ ಬೆರಳುಗಳಲ್ಲಿ ಜೋಮು ಉಳಿದುಕೊಂಡಿದೆ. ಬೇಗ ಗೊತ್ತಾಗಿದ್ದರೆ ಅದೂ ಇರುತ್ತಿರಲಿಲ್ಲವೇ? ಹೌದೆಂದೂ ಹೇಳುವಂತಿಲ್ಲ, ಇಲ್ಲವೆಂದೂ ಹೇಳುವಂತಿಲ್ಲ. ಆ ಅನುಮಾನದ ಲಾಭ ನನಗೆ ಸಲ್ಲಬಾರದು.

ಮನೆಯೊಳಗಿನದ್ದು ಅಷ್ಟು ಸುಲಭದಲ್ಲಿ ಸರಿಯಾಗಲಿಲ್ಲ. ನಾನು ಸೊಸೆಯನ್ನು ಕೂರಿಸಿಕೊಂಡು ಎರಡೂ ಚಿತ್ರ ತೋರಿಸಿ, ದೊಡ್ಡಮ್ಮ ಹೇಳಿದ್ದು ನಿಜವೇ ಆಗಿತ್ತು ಎಂದೆ. ಅವಳು ಬಹಳ ಹೊತ್ತು ನೋಡಿ, “ಮತ್ತೆ ಏನೂ ಇಲ್ಲ ಅಂತ ಬರೆದದ್ದು ನೀವೇ ಅಲ್ವಾ ಭಾವ?” ಎಂದಳು. ಅವಳ ಸಿಟ್ಟು ನ್ಯಾಯವಾದದ್ದೇ. ಅತ್ತೆಯನ್ನು ಅವಳು ಆಡಿಕೊಂಡದ್ದು ನನ್ನ ಸಹಿಯ ಬಲದ ಮೇಲೆ. ದೊಡ್ಡಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಅವರು ಅಂದದ್ದು ಸೊಸೆಗೆ, ಬಾಯಿತುಂಬ, ಒಂದು ವರ್ಷದ ಬಾಕಿಯೆಲ್ಲ ಸೇರಿಸಿ.

ಈಗ ಸೊಂಟದ ಸ್ಕ್ಯಾನಿಗೆ ಬರುವ ಅರವತ್ತು ದಾಟಿದವರನ್ನು ಮೇಜು ಹತ್ತಿಸುವ ಮೊದಲು ನಮ್ಮ ಟೆಕ್ನಿಶಿಯನ್ನರು ಕೆಲವು ಪ್ರಶ್ನೆ ಕೇಳಿ ಚೀಟಿಯ ಹಿಂದೆ ಬರೆಯುತ್ತಾರೆ. ನೋವು ನಿಂತಾಗಲೋ ಕೂತಾಗಲೋ? ಎಷ್ಟು ದೂರ ನಡೆಯಬಲ್ಲಿರಿ? ಬಾಗಿದರೆ, ಕೂತರೆ ಹಗುರಾಗುತ್ತದೆಯೇ? ಇಳಿಜಾರಿನಲ್ಲಿ ಹೆಚ್ಚೋ ಏರಿನಲ್ಲಿ ಹೆಚ್ಚೋ? ಉತ್ತರ ಕಿರಿದಾದ ನಾಳದ ಕಡೆ ಬೆರಳು ತೋರಿಸಿದರೆ, ರೋಗಿಗೆ ತಡೆದುಕೊಳ್ಳಲು ಆಗುವುದಾದರೆ, ಮೊಣಕಾಲ ಕೆಳಗಿನ ದಿಂಬು ತೆಗೆದು ಕಾಲು ನೀಳ ಮಾಡಿಸಿಯೂ ಒಂದು ಸುತ್ತು ಚಿತ್ರ ತೆಗೆಯುತ್ತೇವೆ. ಕೀಲುಗಳಲ್ಲಿ ನೀರಿದ್ದರೆ ಬರೆಯುತ್ತೇನೆ. ರಿಪೋರ್ಟಿನ ಕೊನೆಯಲ್ಲಿ, ಈ ಚಿತ್ರಗಳು ಮಲಗಿಸಿ ತೆಗೆದವು, ರೋಗಿಯ ತೊಂದರೆ ನಿಂತಾಗಿನದು, ನಿಂತುಕೊಂಡು ಪಕ್ಕದಿಂದ ಎಕ್ಸ್‌ರೇ ತೆಗೆಸಿ ಹೋಲಿಸುವುದು ಒಳ್ಳೆಯದು ಎಂದು ಸೇರಿಸುತ್ತೇನೆ. ತೊಂದರೆಯೇ ಇಲ್ಲದವರ ರಿಪೋರ್ಟಿನಲ್ಲಿ ಆ ಸಾಲು ಇರುವುದಿಲ್ಲ, ದಪ್ಪ ಅಕ್ಷರವೂ ಇರುವುದಿಲ್ಲ.

ಓದುವವರಿಗೆ ಎರಡು ಮಾತು. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲಾಗದಷ್ಟು ಸೋತರೆ, ಯಾವ ಭಂಗಿ, ಯಾವ ಚಿತ್ರ ಎಂದು ಚರ್ಚಿಸುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಉಳಿದಂತೆ, ಮನೆಯ ಹಿರಿಯರ ರಿಪೋರ್ಟು ‘ವಿಶೇಷವೇನೂ ಇಲ್ಲ’ ಎಂದು ಬಂದಾಗ ಡಾಕ್ಟರ ಹತ್ತಿರ ಒಂದು ಪ್ರಶ್ನೆ ಕೇಳಿ: ಚಿತ್ರ ತೆಗೆದದ್ದು ಯಾವ ಭಂಗಿಯಲ್ಲಿ, ನೋವು ಬರುವುದು ಯಾವ ಭಂಗಿಯಲ್ಲಿ? ಎರಡೂ ಬೇರೆ ಬೇರೆಯಾದರೆ ಪರೀಕ್ಷೆ ಇನ್ನೂ ಮುಗಿದಿಲ್ಲ.